ಸಾಲಿಯ ಮಾಳಿಗೆಗೆ ಮಣ್ಣು ಹಾಕಿದ ಯಮನೂರಸಾಬ

ಯಮನೂರಸಾಬನ ಬಗ್ಗೆ ಬರೆಯಲು ನನಗೆ ಯಾವ ಹಕ್ಕೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹಕ್ಕಿದ್ದವರು ಯಾರೂ ಬರೆಯಲಿಲ್ಲ.

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಹಾದಿಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಅಲ್ಲಿ ಹೆಂಚಿನ ಮನೆ ಒಂದೂ ಇರಲಿಲ್ಲ, ಎಲ್ಲ ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ತಪ್ಪಲು, ತಪ್ಪಲಿನ ಮೇಲೆ ಮೊಳದಷ್ಟು ಮಣ್ಣು. ಮಳೆಗಾಲ ಬರುವ ಮೊದಲು ಮೇಲೆ ಸವಳು ಮಣ್ಣು ಹರಡಿ ಬಡಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಹಳೆಯದನ್ನು ಕೆರೆದು ಇಳಿಸದೆ ಹೊಸದನ್ನು ಹೇರುವುದು ನಮ್ಮ ಜನರ ಚಾಳಿ. ಮಾಳಿಗೆ ದಪ್ಪಗಿದ್ದರೆ ಮನೆತನ ದೊಡ್ಡದೆಂಬ ಭ್ರಮೆ ಬೇರೆ.

ಮಣ್ಣು ಹಾಕುವ ಕೆಲಸ ಯಮನೂರಸಾಬನದು. ಅವನು ಮೊದಲು ಮನೆಯೊಳಗೆ ಹೋಗಿ, ಸಲಿಕೆಯ ಕಾವಿನಿಂದ ತೊಲೆಯನ್ನು ತಟ್ಟಿ, ಏಣಿಯ ಮೇಲೆ ನಿಂತು ಅದಕ್ಕೆ ಕಿವಿ ಹಚ್ಚುತ್ತಿದ್ದ. ನಾವು ನಗುತ್ತಿದ್ದೆವು. "ತೊಲಿ ಏನಂತೈತೋ ಸಾಬಣ್ಣಾ?" ಎಂದು ಕೆಣಕಿದರೆ, "ನಿನಗಿಂತ ಚಲೋ ಮಾತಾಡತೈತಿ" ಎನ್ನುತ್ತಿದ್ದ. ಹಳೆ ಮಣ್ಣು ಇಳಿಸಲು ಒಪ್ಪದವರ ಮನೆಗೆ ಅವನು ಕಾಲಿಡುತ್ತಿರಲಿಲ್ಲ. ಅದಕ್ಕೇ ಊರಿನ ಅರ್ಧ ಜನಕ್ಕೆ ಅವನ ಮೇಲೆ ಸಿಟ್ಟು.

ಮಗ, ಸೊಸೆ ಇಬ್ಬರೂ ಕಾಲರಾದಲ್ಲಿ ಹೋಗಿದ್ದರು. ಉಳಿದದ್ದು ಮೊಮ್ಮಗಳು ಜಹೀದಾ ಒಬ್ಬಳೇ. ಎಂಟು ವರ್ಷ, ಮೂರನೇ ಇಯತ್ತೆ, ನನ್ನದೇ ವರ್ಗ. ನಾನು ಊರ ಸಾಲಿಯ ಸಹಾಯಕ ಮಾಸ್ತರ. ದಿನಾ ಮುಂಜಾನೆ ಅವಳನ್ನು ಸಾಲಿಯ ಕಟ್ಟೆಯ ತನಕ ಬಿಟ್ಟು, ಒಳಗೆ ಹೋದಳೆಂದು ನೋಡಿಯೇ ಅವನು ಕೆಲಸಕ್ಕೆ ಹೋಗುತ್ತಿದ್ದ.

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷ, ಅಂದರೆ ಐವತ್ತೇಳರಲ್ಲಿ, ಎಲ್ಲೋ ಒಂದೂರಲ್ಲಿ ಸಾಲಿಯ ಮಾಳಿಗೆ ಕುಸಿಯಿತು. ಕೂಡಲೇ ಮೇಲಿನಿಂದ ಹುಕುಂ ಬಂತು. ಸಾಲಿ ಬಿದ್ದರೆ ಯಾರು ಏನು ಮಾಡಬೇಕೆಂಬುದನ್ನು ಕಂದಾಯ, ಪೊಲೀಸ, ದವಾಖಾನೆ, ಕಟ್ಟಡ ಖಾತೆ ಎಲ್ಲರೂ ಕೂಡಿ ಒಂದು ಊರಲ್ಲಿ ಅಭ್ಯಾಸ ಮಾಡಿ ತೋರಿಸಬೇಕಂತೆ. ಬೀಳದ ಹಾಗೆ ಏನು ಮಾಡಬೇಕು ಎಂಬುದಕ್ಕೆ ಆ ಹುಕುಮಿನಲ್ಲಿ ಒಂದಕ್ಷರವೂ ಇರಲಿಲ್ಲ. ಆರಿಸಿದ್ದು ನಮ್ಮ ಸಾಲಿಯನ್ನು.

ಹೆಡ್ ಮಾಸ್ತರ ಪ್ರಭುಲಿಂಗಪ್ಪನವರಿಗೆ ಮಗಳ ಮದುವೆಯೇ ಬಂದಂಥ ಸಡಗರ. ಸಾಹೇಬರು ಬರುವಷ್ಟರಲ್ಲಿ ಮಾಳಿಗೆ ಹೊಸದಾಗಿ ಕಾಣಬೇಕೆಂದು ಯಮನೂರಸಾಬನನ್ನು ಕರೆಸಿದರು. ಅವನು ನಡುವಿನ ತೊಲೆಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತ. ಆಮೇಲೆ ಇಳಿದು ಬಂದು ಹೇಳಿದ.

"ಒರಲಿ ತಿಂದು ಟೊಳ್ಳ ಆಗೈತ್ರಿ. ಹಳೇ ಮಣ್ಣ ಇಳಸೂಣು, ತೊಲಿ ಬದಲಿ ಮಾಡೂಣು. ಇದರ ಮ್ಯಾಲ ಒಂದ್ ಬುಟ್ಟೀನೂ ಹೊಸಾದ್ ಹಾಕಬ್ಯಾಡ್ರಿ."

"ಅದೆಲ್ಲಾ ಕಾರ್ಯಕ್ರಮ ಮುಗದ ಮ್ಯಾಲ ನೋಡೂಣು. ನಿನಗ ಆಗಲ್ಲಂದ್ರ ಲಕ್ಕಲಕಟ್ಟಿಯಿಂದ ಮಂದೀನ ಕರಸ್ತೀನಿ."

ಬೇರೆಯವರು ಬಂದರೆ ತೊಲೆಯ ನೆತ್ತಿಯ ಮೇಲೇ ನಿಂತು ಬಡಿಯುತ್ತಾರೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಒಪ್ಪಿಕೊಂಡ. ನಡುವೆ ತೆಳ್ಳಗೆ, ಗೋಡೆಯ ಕಡೆ ದಪ್ಪಗೆ ಮಣ್ಣು ಹರಡಿದ. ತೊಲೆಗೆ ಕೆಳಗಿನಿಂದ ಒಂದು ಬೇವಿನ ಕಂಬದ ಆಸರೆಯನ್ನೂ ಕೊಟ್ಟ. ಆ ಕಂಬಕ್ಕೆ ಯಾರ ಹತ್ತಿರವೂ ಏನೂ ಕೇಳಲಿಲ್ಲ.

ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೂಗು ಬಿದ್ದ ಕೂಡಲೇ ಎಲ್ಲರೂ ಹೊರಗೆ ಓಡಬೇಕು. ನಾಲ್ವರು ಮಾತ್ರ ನಡುವಿನ ತೊಲೆಯ ಕೆಳಗೆ ಗಾಯಗೊಂಡವರಂತೆ ಮಲಗಬೇಕು, ಯಾರು ಕರೆದರೂ ಏಳಬಾರದು, ಡಾಕ್ಟರು ಬಂದು ಕೈ ಮುಟ್ಟುವ ತನಕ ಕಣ್ಣು ತೆರೆಯಬಾರದು. ನಾಲ್ವರಲ್ಲಿ ಜಹೀದಾ ಎಲ್ಲರಿಗಿಂತ ಜಾಣೆ. ಮೂಗಿನ ಮೇಲೆ ನೊಣ ಕೂತರೂ ಅಲುಗಲಿಲ್ಲ. ನಾನು ಎಲ್ಲರೆದುರಿಗೆ ಅವಳನ್ನು ಹೊಗಳಿ, ಹಿಂಗ ಮಾಡಬೇಕು ನೋಡ್ರಿ ಎಂದೆ. ವಾರಗಟ್ಟಲೆ ಅದನ್ನೇ ಮಾಡಿಸಿದೆ.

ಆ ದಿನ ಬಂತು. ಮಾಮಲೇದಾರರು, ಫೌಜದಾರರು, ಡಾಕ್ಟರು, ಕಟ್ಟಡ ಖಾತೆಯ ಓವರಸೀಯರು ಸಾಲಾಗಿ ಕುರ್ಚಿಯಲ್ಲಿ ಕೂತರು. ಸಾಹೇಬರ ಕಣ್ಣಿಗೆ ಅಡ್ಡ ಬರುತ್ತದೆಂದು ಓವರಸೀಯರು ಆಸರೆಯ ಕಂಬ ತೆಗೆಸಿದರು. ಅಡುಗೆಯವರು ಅದನ್ನು ಕಡಿದು, ಸಾಹೇಬರ ಶಿರಾಕ್ಕೆ ಒಲೆ ಹಚ್ಚಿದರು.

ಕಂಬ ಕಾಣದಿದ್ದುದನ್ನು ನೋಡಿ ಯಮನೂರಸಾಬ ಮಂದಿಯನ್ನು ಸೀಳಿಕೊಂಡು ಮುಂದೆ ಬಂದ. ಒಳಗೆ ನಾಲ್ಕೂ ಮಕ್ಕಳು ಹಣೆಗೆ ಕುಂಕುಮದ ನೀರು ಹಚ್ಚಿಕೊಂಡು ಮಲಗಿದ್ದವು. ಅವನು ಮಾಮಲೇದಾರರ ಕಾಲ ಹತ್ತಿರ ಕುಸಿದು, ಎದೆ ಬಡಿದುಕೊಂಡ.

"ಸಾಹೇಬ್ರ, ತೊಲಿ ಖರೇನ ಟೊಳ್ಳ ಐತ್ರಿ! ನನ್ನ ಮೊಮ್ಮಗಳು ಅದರ ಬುಡಕ ಅದಾಳ್ರಿ! ಕೂಸುಗೋಳ್ನ ಎಬ್ಬಸ್ರಿ!"

ಗಜೇಂದ್ರಗಡಕ್ಕೆ ಬಂದ ನಾಟಕ ಕಂಪನಿಗಳನ್ನೆಲ್ಲ ನೋಡಿದ ಊರು ನಮ್ಮದು. ಮಂದಿ ಸಿಳ್ಳೆ ಹಾಕಿದರು, "ವನ್ಸ್ ಮೋರ್" ಎಂದು ಕೂಗಿದರು. ಅವನು ಅತ್ತಷ್ಟೂ ಚಪ್ಪಾಳೆ ಜೋರಾಯಿತು. ಮಾಮಲೇದಾರರು ಖುಷಿಯಾಗಿ, "ಈ ಪಾರ್ಟು ಯಾರ್ ಬರದಾರ?" ಎಂದು ಕೇಳಿದರು.

"ನಮ್ಮ ಮಾಸ್ತರ ಬರದಾರ್ರಿ" ಎಂದು ಪ್ರಭುಲಿಂಗಪ್ಪನವರು ನನ್ನತ್ತ ಕೈ ತೋರಿಸಿದರು. ನಾನು ಕೈ ಮುಗಿದೆ. ಥೂ, ನನ್ನ ಜನ್ಮಕ್ಕೆ! ಚಲೋ ನಟನಿಗೆ ಆಹೇರಿ ಮಾಡುವಂತೆ ಯಮನೂರಸಾಬನ ತಲೆಗೆ ಒಂದು ರುಮಾಲು ಸುತ್ತಿದರು. ಅವನು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಅಂದು ತೊಲೆ ಬೀಳಲಿಲ್ಲ. ಕಟ್ಟಡ ಭದ್ರವಾಗಿದೆ ಎಂದು ಓವರಸೀಯರು ಅಲ್ಲೇ ಬರೆದುಕೊಟ್ಟರು.

ಮರುದಿನ ಅವನು ನನ್ನ ಮನೆಗೆ ಬಂದು, ವರ್ಗವನ್ನು ಹೊರಗಿನ ಕಟ್ಟೆಯ ಮೇಲೆ ನಡೆಸಲು ಬೇಡಿಕೊಂಡ. ಹಾಗೇ ಮಾಡಿದೆ. ಶ್ರಾವಣದಲ್ಲಿ ಮಳೆ ಹಿಡಿಯಿತು. ಮಕ್ಕಳು ತೊಯ್ಯುತ್ತವೆಂದು ಹೆಡ್ ಮಾಸ್ತರರು ಬೈದರು. ಒಳಗೆ ಕೂಡಿಸಿದೆ. ಜಹೀದಾಳನ್ನು ಅವನು ಎರಡು ದಿನ ಮನೆಯಲ್ಲಿಟ್ಟುಕೊಂಡ. ಮೂರನೆಯ ದಿನ ಅವನು ಕೆಲಸಕ್ಕೆ ಹೋದ ಮೇಲೆ ಹುಡುಗಿ ತಾನೇ ಪಾಟಿ ಹಿಡಿದು ಸಾಲಿಗೆ ಬಂದಳು. ನಾನು ಹಿಂದಕ್ಕೆ ಕಳಿಸಲಿಲ್ಲ.

ಹೊತ್ತು ಏರುವಷ್ಟರಲ್ಲಿ ಅವನು ತೊಯ್ದ ಮೈಯಲ್ಲಿ ಬಾಗಿಲಿಗೆ ಬಂದು ನಿಂತ. ದೂರದಿಂದಲೇ ಮಾಳಿಗೆಯ ನಡು ತಗ್ಗಾಗಿದ್ದನ್ನು ನೋಡಿ ಓಡಿ ಬಂದಿದ್ದ.

"ಹೊರಗ ಓಡ್ರಿ! ಲಗೂ ಓಡ್ರಿ! ತೊಲಿ ಬೀಳತೈತಿ!"

ಮಕ್ಕಳಿಗೆ ಹಿಗ್ಗೋ ಹಿಗ್ಗು. ಮತ್ತೆ ಅಭ್ಯಾಸ ಬಂತೆಂದು ಕೇಕೆ ಹಾಕುತ್ತ ಓಡಿದವು. ನಾನೂ ಓಡಿದೆ. ಅಭ್ಯಾಸದಲ್ಲಿ ಚಾವಡಿಗೆ ಸುದ್ದಿ ಮುಟ್ಟಿಸುವುದು ನನ್ನ ಪಾಲಿನ ಕೆಲಸವಾಗಿತ್ತು ಎಂದು ಆಮೇಲೆ ಹೇಳಿಕೊಂಡು ತಿರುಗಿದೆ. ಖರೆ ಏನೆಂದರೆ ಹೆದರಿ ಓಡಿದೆ. ಅಂಗಳದಿಂದ ತಿರುಗಿ ನೋಡಿದಾಗ ನಾಲ್ಕು ಮಕ್ಕಳು ತೊಲೆಯ ಕೆಳಗೆ ತಮ್ಮ ತಮ್ಮ ಜಾಗದಲ್ಲಿ ಮಲಗಿದ್ದವು.

ಇಬ್ಬರನ್ನು ಅವನು ಕಂಕುಳಲ್ಲಿ ಎತ್ತಿ ಹೊರಗೆ ಎಸೆದ. ಮೂರನೆಯವನು ಮೊಮ್ಮಗಳಿಗಿಂತ ಬಾಗಿಲಿಗೆ ಹತ್ತಿರವಿದ್ದ, ಅವನನ್ನು ಎಳೆದು ತಂದ. ಎಳೆಯುತ್ತಲೇ "ಜಹೀದಾ, ಏಳವ್ವಾ! ನಾ ನಿನ್ನ ಅಜ್ಜ, ಏಳ!" ಎಂದು ಕೂಗುತ್ತಿದ್ದ. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ತುಟಿಯಲ್ಲಿ ನಗು ತಡೆದುಕೊಂಡಿದ್ದಳು. ಅವನು ಮತ್ತೆ ಒಳಗೆ ಕಾಲಿಡುವಷ್ಟರಲ್ಲಿ ಮಾಳಿಗೆ ಕೆಳಗೆ ಬಂತು.

ಅವನೇ ಮಣ್ಣು ತೋಡಿ ಉಸಿರಿಲ್ಲದ ಅವಳನ್ನು ತೆಗೆದ. ಎರೆ ಮಣ್ಣಿನ ಹಾದಿಯಲ್ಲಿ ಗಾಡಿ ಹೂತುಕೊಂಡು, ಡಾಕ್ಟರು ಬಂದು ಅವಳ ಕೈ ಮುಟ್ಟಿದ್ದು ಮರುದಿನ ಮಧ್ಯಾಹ್ನ.

ಅವರ ಜೊತೆಗೇ ಫೌಜದಾರರು ಬಂದು ಚಾವಡಿಯಲ್ಲಿ ಪಂಚನಾಮೆ ಬರೆದರು. ಯಮನೂರಸಾಬನು ಬೇಜವಾಬ್ದಾರಿಯಿಂದ ಮಿತಿಮೀರಿ ಮಣ್ಣು ಹೇರಿದ್ದೇ ಅಪಘಾತಕ್ಕೆ ಕಾರಣ, ಅಭ್ಯಾಸ ಮಾಡಿದ್ದರಿಂದ ಮೂವತ್ತೆಂಟು ಮಕ್ಕಳು ಉಳಿದವು, ಇಷ್ಟೇ. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸು ಎಂದು ಪ್ರಭುಲಿಂಗಪ್ಪನವರು ಕಾಗದವನ್ನು ನನ್ನ ಕೈಗೆ ಕೊಟ್ಟು, ಪಕ್ಕಕ್ಕೇ ನಿಂತರು. ನಾನು ಅದನ್ನು ಅವನಿಗೆ ಓದಲಿಲ್ಲ.

ಅವನು ಉಗುರಿನೊಳಗೆ ಮಣ್ಣು ತುಂಬಿದ ಕೈಯನ್ನು ಮುಂದೆ ಚಾಚಿದ. ಒತ್ತುವ ಮೊದಲು ಒಂದೇ ಮಾತು ಕೇಳಿದ.

"ಮಾಸ್ತರ, ತೊಲಿ ಟೊಳ್ಳ ಐತಿ ಅಂತ ನಾ ಮೊದಲ ಹೇಳಿದ್ದು ಇದರಾಗ ಐತೇನ್ರಿ?"

"ಐತಿ" ಎಂದೆ.

"ಚಲೋ ಆತ್ರಿ" ಎಂದ ಯಮನೂರಸಾಬ, ಹೆಬ್ಬೆಟ್ಟು ಒತ್ತುತ್ತ. "ನೀವಾದ್ರೂ ನಂಬಿದ್ರಿ."