ಇಟ್ಟಿಗೆಗೆ ಒಗ್ಗದ ಮಣ್ಣು

ಇಟ್ಟಿಗೆ ಸುಡುವುದರಲ್ಲೇ ತಲೆ ನರೆಸಿಕೊಂಡಿದ್ದ ಆತ, ಮಣ್ಣಿಗೆಂದು ಹೊಳೆದಂಡೆಯ ಎರಡೆಕರೆ ಕೊಂಡ. ನೆರೆ ಬಂದಾಗಲೆಲ್ಲ ಹೊಳೆ ತಂದು ಹಾಸಿದ ಮೆಕ್ಕಲು ಮಣ್ಣು ಅದು. ಅಚ್ಚಿನಿಂದ ತೆಗೆದ ಇಟ್ಟಿಗೆಗಳು ಒಣಗುವ ಮೊದಲೇ ಅಂಚು ಉದುರಿಸಿಕೊಂಡವು. ಮಣ್ಣಿನಲ್ಲಿ ಜಿಗುಟು ಸಾಲದು. ಆತ ಮಣ್ಣನ್ನು ಬೈಯುತ್ತ ತಲೆ ಮೇಲೆ ಕೈಹೊತ್ತು ಕೂತ.

ಹೆಂಡತಿ ಒಂದು ಹಿಡಿ ಮಣ್ಣು ಹಿಸುಕಿದಳು. ಉಂಡೆಯಾಯಿತು; ಬೆರಳು ತಾಗಿಸಿದರೆ ಪುಡಿಯಾಯಿತು.

"ಇದನ್ನ ಯಾಕ್ರೀ ಬೈತೀರಾ? ನೀರು ನಿಲ್ಲಲ್ಲ, ತೇವಾನೂ ಬೇಗ ಆರಲ್ಲ. ಕ್ಯಾರೆಟ್ ಹಾಕೋಣ."

"ನಂಗೆ ಮಣ್ಣು ಸುಡೋದಷ್ಟೇ ಗೊತ್ತು ಕಣೇ."

"ನೀವು ಸುಮ್ನೆ ಅಗೀರಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಮೂರು ತಿಂಗಳಾದ ಮೇಲೆ ಆತ ಸೊಪ್ಪು ಹಿಡಿದೆಳೆದ. ಗೇಣುದ್ದದ ಕ್ಯಾರೆಟ್ ಎಲ್ಲೂ ಸೊಟ್ಟಗಾಗದೆ ಸಲೀಸಾಗಿ ಎದ್ದು ಬಂತು. ಖುಷಿಗೆ ಇನ್ನೊಂದು ಕಿತ್ತ, ಮತ್ತೊಂದು ಕಿತ್ತ.

"ಸಾಕು ಬಿಡಿ, ನಾಳೆಗೂ ಇರಲಿ" ಎಂದು ಹೆಂಡತಿ ನಕ್ಕಳು.

ಆಮೇಲಿನ ಇಪ್ಪತ್ತು ವರ್ಷ ಆತ ಕ್ಯಾರೆಟ್ಟನ್ನೇ ಬೆಳೆದ.