‘ಅವರು’ ಅಂದರೆ ಯಾರು?

ಮೊನ್ನೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಮನೆಯಲ್ಲಿ ಸ್ಮೋಕ್ ಅಲಾರಂ ಅರಚಿಕೊಂಡಿತು. ಸುಟ್ಟದ್ದು ಬರೀ ಬ್ರೆಡ್ಡು. ಆದರೆ ಆ ಸದ್ದಿಗೆ ನನಗೆ ಮೂರು ವರ್ಷದ ಹಿಂದಿನ ಧೂಪದ ವಾಸನೆ ನೆನಪಾಯಿತು.

ಶೆಫೀಲ್ಡಿನಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದವಳು, ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ ಧೂಪ ಹಾಕಿ, ಅಲಾರಂ ಹೊಡೆಸಿ ಇಡೀ ಮನೆಯನ್ನು ಎಬ್ಬಿಸಿದ್ದಳು. ಚಿಂತೆ ಮಾಡುವುದರಲ್ಲಿ ನಾನು ನಿಪುಣ. ಅವಳು ಮನೆ ಬಿಟ್ಟ ದಿನದಿಂದ ಕುಡಿತ, ಸಿಗರೇಟು, ನ್ಯುಮೋನಿಯಾ ಎಂದು ಸರದಿಯ ಪ್ರಕಾರ ಹೆದರುತ್ತ ಬಂದಿದ್ದೆ. ನೋಡಿದರೆ, ಹುಡುಗಿ ಮೊಟ್ಟೆಯನ್ನೂ ಬಿಟ್ಟಿದ್ದಾಳೆ! ನಾನೂ ನನ್ನ ಹೆಂಡತಿಯೂ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆವು. ನೀವಾದರೂ ಅದನ್ನೇ ಮಾಡುತ್ತಿದ್ದಿರಿ, ಒಪ್ಪಿಕೊಳ್ಳಿ.

ಚಿಕ್ಕವಳಿದ್ದಾಗ ಅವಳು ದೀಪ ಯಾಕೆ ಹಚ್ಚಬೇಕು ಎಂದು ಕೇಳಿದರೆ, “ನಮ್ಮಲ್ಲಿ ಹಾಗೇ, ಸುಮ್ನೆ ಕೈ ಮುಗಿ” ಎನ್ನುತ್ತಿದ್ದೆ. ಉತ್ತರ ಗೊತ್ತಿದ್ದರೆ ತಾನೆ ಹೇಳುವುದು? ಈಗ ಅವಳ ಫೋನಿನ ವಿಡಿಯೊಗಳಲ್ಲಿ ಯಾರೋ ಒಬ್ಬ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ. ಒಳ್ಳೆಯ ಇಂಗ್ಲಿಷ್, ಎಳ್ಳಷ್ಟೂ ಅನುಮಾನವಿಲ್ಲ. ಧರ್ಮದ ಜೊತೆಗೆ ಶತ್ರುಗಳನ್ನೂ ತೋರಿಸಿಕೊಡುತ್ತಿದ್ದನೆಂದು ನನಗೆ ತಿಳಿದದ್ದು ಆ ಭಾನುವಾರ.

ಭಾನುವಾರಗಳಂದು ನಮ್ಮಲ್ಲಿ ಊಟಕ್ಕೆ ಬರುವವರು ವಿಜಯಪುರ ಮೂಲದ ಎಂಜಿನಿಯರ್ ಸಲೀಮ್. ಮಗಳಿಗೆ ಸೈಕಲ್ ಕಲಿಸಿದವರು.

“ಅವರು ಬಂದ್ರೆ ನಾನು ಕೆಳಗೆ ಬರಲ್ಲ, ಅಪ್ಪ. ಅವರು ಹೇಗೆ ಅಂತ ನಿಮಗೆ ಗೊತ್ತಿಲ್ಲ.”

“ಹೇಗಿದಾರೆ? ಸ್ವಲ್ಪ ದಪ್ಪ ಆಗಿದಾರೆ, ಅಷ್ಟೇ.”

“ಐ ಮೀನ್ ಆಲ್ ಆಫ್ ದೆಮ್.”

ಅದುವರೆಗೆ ನಮ್ಮ ಮನೆಯಲ್ಲಿ ‘ಅವರು’ ಎಂದರೆ ಒಬ್ಬ ಮನುಷ್ಯನಿಗೆ ಕೊಡುವ ಮರ್ಯಾದೆ. ಅದೇ ಪದದಿಂದ ಅವಳು ಸಲೀಮರನ್ನು ಒಂದು ಗುಂಪಿನೊಳಕ್ಕೆ ತಳ್ಳಿಬಿಟ್ಟಿದ್ದಳು.

ಸಲೀಮ್ ಬಂದಾಗ, ಮಗಳಿಗೆ ತಲೆನೋವು ಎಂದು ಸುಳ್ಳು ಹೇಳಿದೆ.

“ನನ್ನಿಂದ ಬಂದೈತೇನ್ರಿ ತಲಿನೋವು?” ಎಂದು ನಕ್ಕರು. ನಾನು ನಗಲಿಲ್ಲ. ವಿಷಯ ತಿಳಿಯಲು ಅವರಿಗೆ ಅಷ್ಟೇ ಸಾಕಾಯಿತು. ಮಹಡಿಗೂ ಕೇಳುವಂತೆ ಹೇಳಿದರು: “ಲೀಡ್ಸ್‌ನಾಗ ನಮ್ಮ ತಂಗಿ ಮಗ ಗಡ್ಡ ಬಿಟ್ಟಾಗ ನಾವೂ ಪೇಢೆ ಹಂಚಿದ್ವಿ. ಆಮ್ಯಾಲೆ ಅವರವ್ವನ ನಮಾಜೇ ತಪ್ಪು ಅಂದ. ಆಮ್ಯಾಲೆ ಮನೀಗೆ ಪೊಲೀಸ್ರು ಬಂದ್ರು. ಇನ್ನೂ ಜೈಲಿನಾಗ ಅದಾನ.”

ಮಗಳು ಅರ್ಧ ಮೆಟ್ಟಿಲು ಇಳಿದು ನಿಂತಿದ್ದಳು. “ಅವನಿಗೆ ಯಾರು ಹೇಳಿಕೊಟ್ಟಿದ್ದು?”

“ಫೋನಿನಾಗ ಒಬ್ಬಾಂವ. ಇಂಗ್ಲಿಷ್ ಭಾಳ ಛಲೋ ಮಾತಾಡ್ತಿದ್ದ.”

“ದಟ್ಸ್ ಡಿಫರೆಂಟ್.”

“ಹೆಂಗ ಬ್ಯಾರೆ? ಬಂದು ಹೇಳವ್ವ, ಕೇಳ್ತೀನಿ.”

ಬಂದಳು, ಜಗಳಕ್ಕೆ. ಅನ್ನ ಆರಿ ತಣ್ಣಗಾಯಿತು.

ಆ ಹುಡುಗ ಯಾಕೆ ಆ ದಾರಿ ಹಿಡಿದು ಹೋಗಿಬಿಟ್ಟ, ಇವಳು ಯಾಕೆ ಮೆಟ್ಟಿಲ ಮೇಲೆ ನಿಂತು ಕೇಳಿದಳು? ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವಳು ಬದಲಾದಳೆಂದೂ ಹೇಳಲಾರೆ. ಮನೆಗೆ ಬಂದಾಗಲೆಲ್ಲ ಸಲೀಮರ ಜೊತೆ ವಾದಕ್ಕೆ ಕೂರುತ್ತಾಳೆ, ಕೆಲವೊಮ್ಮೆ ಎದ್ದುಹೋಗಿ ಬಾಗಿಲು ದಢಾರೆಂದು ಹಾಕಿಕೊಳ್ಳುತ್ತಾಳೆ. ಮೊದಲೆಲ್ಲ ದನಿ ಏರಿದರೆ, ಪಕ್ಕದ ಮನೆಯವರಿಗೆ ಕೇಳೀತೆಂದು ನಾನು ಕಿಟಕಿ ಮುಚ್ಚುತ್ತಿದ್ದೆ. ಈಗ ಕುರ್ಚಿ ಎಳೆದುಕೊಂಡು ಅವರ ನಡುವೆಯೇ ಕೂರುತ್ತೇನೆ. ಕೂಗಾಟ ನಿಂತುಹೋಗಿ ಅವಳು ಮತ್ತೆ ಮಹಡಿಯಲ್ಲೇ ಫೋನು ಹಿಡಿದು ಕೂತರೆ ಏನು ಗತಿ ಎಂಬುದು ಈಗಿನ ಚಿಂತೆ.