ಮೈಕ್ ಬಂದ್ ಆಗಿತ್ತು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮಾತಿನ ನಡುವೆಯೇ ಎದ್ದುಹೋಗುತ್ತಿದ್ದೆ. ಮಿದುಳಿನ ಯಾವ ಭಾಗ ಯಾವಾಗ ಚುರುಕಾಗುತ್ತದೆ ಎಂಬುದನ್ನು ಸ್ಕ್ಯಾನರ್‌ನಲ್ಲಿ ನೋಡುವುದು ನನ್ನ ವೃತ್ತಿ. ಇಲ್ಲದ ದನಿ ಕೇಳಿಸಿತು ಎಂದವರಿಗೆ ನನ್ನ ಬಳಿ ಸಿದ್ಧ ಉತ್ತರ ಇರುತ್ತಿತ್ತು. ಅದು ಈಗಲೂ ಇದೆ. ಆದರೆ ನನಗೇ ಸಾಲುತ್ತಿಲ್ಲ.

ಮೊದಲು ನನ್ನ ಮಾರ್ಗದರ್ಶಕರಾಗಿದ್ದ ಪ್ರೊಫೆಸರರ ಬಗ್ಗೆ ಹೇಳಬೇಕು. ರೋಗಿ ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ಅವನ ಮಿದುಳಿನಲ್ಲಿ ಮಾತಿನ ಕೇಂದ್ರ ಎಲ್ಲಿದೆಯೆಂದು ಪತ್ತೆಹಚ್ಚುವ ಒಂದು ವಿಧಾನವನ್ನು ನಾನು ವರ್ಷಗಟ್ಟಲೆ ಕೂತು ರೂಪಿಸಿದ್ದೆ. ಅವರು ಅದನ್ನು ತಮ್ಮದೆಂದು ಪ್ರಕಟಿಸಿದರು. ನನ್ನ ಹೆಸರು ಎಲ್ಲೂ ಇರಲಿಲ್ಲ. ಕೇಳಲು ಹೋದರೆ, "ಹೆಸರು ಯಾರದಾದ್ರೇನಮ್ಮಾ, ವಿಜ್ಞಾನ ಬೆಳೀಬೇಕು" ಎಂದು ನಕ್ಕರು. ಜಗಳವಾಡಿದ್ದಕ್ಕೆ ಲ್ಯಾಬೂ ಹೋಯಿತು.

ಅಂದಿನಿಂದ ಸ್ನಾನ ಮಾಡುವಾಗಲೆಲ್ಲ ಅವರನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ, ನಮ್ಮ ದಾವಣಗೆರೆಯ ಮನೆಮಾತಿನಲ್ಲಿ: "ನನ್ನ ಹೆಸ್ರು ತಿಂದ ನಿನ್ನ ಬಾಯಾಗ ಹುಳ ಬೀಳ್ಲಿ." ಒಮ್ಮೆಯೂ ತುಟಿ ಅಲುಗಿಸಿದ್ದಿಲ್ಲ. ನನ್ನ ಗಂಡನಿಗೂ ಇದು ಗೊತ್ತಿರಲಿಲ್ಲ.

ಆಮೇಲೆ ವೈಟ್‌ಫೀಲ್ಡ್‌ನ ಒಂದು ಆಸ್ಪತ್ರೆ ಸೇರಿದೆ. ಒಂದು ಮಧ್ಯಾಹ್ನ ನನ್ನ ಮುಂದೆ ಬಂದ ರೋಗಿ ಅವರೇ. ಮಿದುಳಿನ ಎಡಭಾಗದಲ್ಲಿ, ಮಾತಿನ ಕೇಂದ್ರಕ್ಕೆ ಅಂಟಿಕೊಂಡಂತೆ ಗಡ್ಡೆ ಬೆಳೆದಿತ್ತು. ಅದನ್ನು ತೆಗೆಯುವಾಗ ಯಾವ ಜಾಗ ಮುಟ್ಟಬಾರದೆಂದು ನಾನು ಗುರುತು ಹಾಕಿಕೊಡಬೇಕಿತ್ತು. ಸುಳ್ಳು ಹೇಳಲಾರೆ, ಖುಷಿಯಾಯಿತು. ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಮುಖ ಸರಿಮಾಡಿಕೊಂಡು ಬರಬೇಕಾಯಿತು, ಅಷ್ಟು ಖುಷಿ.

"ನೀನಿದ್ದೀಯಲ್ಲಮ್ಮಾ, ಇನ್ನೇನು ಭಯ ಇಲ್ಲ ಬಿಡು" ಎಂದರು, ಏನೂ ನಡೆದೇ ಇಲ್ಲವೆಂಬಂತೆ. ನನಗೆ ಇನ್ನಷ್ಟು ಉರಿಯಿತು.

ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಕರೆಗಂಟೆ ಕೊಟ್ಟು ಸ್ಕ್ಯಾನರ್ ಒಳಗೆ ಕಳಿಸಿದೆವು. ಗಾಜಿನ ಈಚೆ, ಅವರ ಕಿವಿಗೆ ಮಾತು ಮುಟ್ಟಿಸುವ ಮೈಕಿನ ಮುಂದೆ, ನಾನು ಮತ್ತು ಟೆಕ್ನಿಷಿಯನ್ ಮಂಜುಳಾ. ಅವರು ಸುಮ್ಮನೆ ಮಲಗಿರಬೇಕಾದ ಹೊತ್ತು ಅದು, ನನ್ನದೇ ವಿಧಾನ. ಗುರುತನ್ನು ಒಂದು ಕೂದಲೆಳೆಯಷ್ಟು ಆಚೆ ಹಾಕಿದರೆ ಯಾರಿಗೆ ತಿಳಿದೀತು ಎಂಬ ಯೋಚನೆ ಬಂತು. ಅದರ ಹಿಂದೆಯೇ ಆ ಶಾಪ ತಲೆಯೊಳಗೆ ಸುತ್ತತೊಡಗಿತು. ಆಗ ಗಂಟೆ ಹೊಡೆದುಕೊಂಡಿತು.

ಹೊರಗೆ ತಂದಾಗ ಪ್ರೊಫೆಸರರು ಬೆವೆತುಹೋಗಿದ್ದರು. "ಯಾಕಮ್ಮಾ ಮೈಕಲ್ಲಿ ಹಂಗೆ ಬೈತಾ ಇದ್ದೆ?"

"ಮೇಡಂ ಮೈಕ್ ಮುಟ್ಟೇ ಇಲ್ಲ ಸಾರ್, ಬಂದ್ ಆಗಿದೆ" ಎಂದಳು ಮಂಜುಳಾ.

"ಏನು ಕೇಳಿಸ್ತು ಸಾರ್?" ಎಂದೆ.

"ಬಾಯಾಗ ಹುಳ ಬೀಳ್ಲಿ ಅಂತ. ನಿನ್ನ ಹೆಸ್ರು ತಿಂದ ಬಾಯಾಗ."

ಅವರು ಮೈಸೂರಿನವರು. 'ಬಾಯಾಗ' ಎಂದು ಅವರು ಅಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗಡ್ಡೆ ಇರುವವರಿಗೆ ಇಲ್ಲದ ದನಿ ಕೇಳಿಸುವುದುಂಟು, ಸರಿ. ಆದರೆ ನನ್ನ ತಲೆಯೊಳಗಿನ ಮಾತು ಅವರಿಗೆ ಎಲ್ಲಿಂದ ಸಿಕ್ಕಿತು?

ಮತ್ತೆ ಮಲಗಿಸಿ ಸ್ಕ್ಯಾನ್ ಮುಗಿಸಿದೆ. ಗುರುತನ್ನು ಸರಿಯಾಗಿಯೇ ಹಾಕಿದೆ. ಒಳ್ಳೆಯತನದಿಂದಲ್ಲ, ನನ್ನ ವಿಧಾನ ತಪ್ಪಿತೆಂದು ಯಾರೂ ಅನ್ನಬಾರದೆಂದು. ಗಡ್ಡೆ ಪೂರ್ತಿ ಹೋಯಿತು, ಅವರ ಮಾತು ಉಳಿಯಿತು.

ಕೆಲವು ತಿಂಗಳ ನಂತರ ಅವರ ಹೆಂಡತಿ ಫೋನ್ ಮಾಡಿದರು. "ಅವರಿಗಿನ್ನೂ ನಿನ್ನ ದನಿ ಕೇಳಿಸುತ್ತಂತೆ ಕಣಮ್ಮಾ. ಊಟಕ್ಕೆ ಕೂತ್ರೂ ಕಿವಿ ಮುಚ್ಕೋತಾರೆ. ನೀನೇ ಒಂದ್ಮಾತು ಹೇಳಿ ಸಮಾಧಾನ ಮಾಡು" ಎಂದು ಫೋನನ್ನು ಗಂಡನಿಗೆ ಕೊಟ್ಟರು.

ಕ್ಷಮಿಸಿದ್ದೇನೆ ಎನ್ನಬಹುದಿತ್ತು. ಬಾಯಿ ಬರಲಿಲ್ಲ, ನಿಜ ಹೇಳಬೇಕೆಂದರೆ, ಮನಸ್ಸೂ ಬರಲಿಲ್ಲ. ಕಿಟಕಿಯಾಚೆ ಪಟ್ಟಂದೂರು ಅಗ್ರಹಾರದ ಕಡೆಗೆ ಕಂಪನಿ ಬಸ್ಸುಗಳು ಹೋಗುತ್ತಿದ್ದವು. ನೋಡುತ್ತ ಸುಮ್ಮನೆ ನಿಂತೆ.

ಆ ಕಡೆಯಿಂದ ಅವರು ಮೆಲ್ಲಗೆ, ಅಂಗಲಾಚುವವರಂತೆ ಹೇಳಿದರು: "ಗೊತ್ತಾಯ್ತಮ್ಮಾ, ಗೊತ್ತಾಯ್ತು. ಕಿರುಚಬೇಡ."

ನಾನು ಒಂದಕ್ಷರವೂ ಆಡಿರಲಿಲ್ಲ. ಅವರು ಏನು ಕೇಳಿಸಿಕೊಂಡರೋ, ಹೇಗೆ ಕೇಳಿಸಿಕೊಂಡರೋ ಇವತ್ತಿಗೂ ನನಗೆ ತಿಳಿಯದು. ಆದರೆ ಫೋನ್ ಇಡಲಿಲ್ಲ. ಅವರಾಗಿಯೇ ಇಡುವ ತನಕ ಹಾಗೇ ಹಿಡಿದುಕೊಂಡು ನಿಂತಿದ್ದೆ.